ನಾಲ್ಕನೆಯ ಸೀಟಿನ ಅದ್ವೈತ

ಊರಿನಲ್ಲಿ ಕಲ್ಯಾಣ ಎಂದರೆ ಬಸವಣ್ಣನ ಕಲ್ಯಾಣ. ಸೆಂಟ್ರಲ್ ಲೈನಿನ ನಮಗೆ ಅದು ಜಂಕ್ಷನ್. ಕಸಾರಾದ ಹಳಿಯೂ ಕರ್ಜತ್ತಿನ ಹಳಿಯೂ ಕೂಡುವ ಜಾಗ. ಸೊಲ್ಲಾಪುರ, ಇಂಡಿ, ವಿಜಯಪುರ ಹಾದು ಗದಗದ ಕಡೆ ಹೋಗುವ ಗಾಡಿ ರಾತ್ರಿ ಇಲ್ಲಿ ನಿಂತಾಗ ಪ್ಲಾಟ್‌ಫಾರ್ಮಿನ ತುಂಬ ನಮ್ಮ ಕಡೆಯ ಮಾತು ಕೇಳುತ್ತದೆ. ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, "ಹುಷಾರಿ ಹೋಗ್ರಿ" ಎನ್ನುವ ಕೂಗು.

ಆ ಗಾಡಿಯ ದಾರಿಯಲ್ಲಿ ನಿಂಬಾಳ ಎಂಬ ಸಣ್ಣ ಸ್ಟೇಶನ್ ಇದೆ. ಗುರುದೇವ ರಾನಡೆಯವರ ಆಶ್ರಮದ ಊರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಅವರು ಪುಣೆ, ಅಲಹಾಬಾದುಗಳಲ್ಲಿ ತತ್ವಶಾಸ್ತ್ರ ಕಲಿಸಿದವರು. ಅವರ ಗುರು ಉಮದಿಯ ಭಾವೂಸಾಹೇಬ ಮಹಾರಾಜರು, ಮಠ ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ. ಅದೇ ಗುರುಗಳ ಇನ್ನೊಬ್ಬ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು ವಿಜಾಪುರದ ಮಾರವಾಡಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1933ರಲ್ಲಿ ಅವರನ್ನು ಕಂಡು ಶಿಷ್ಯರಾದವರು ನಿಸರ್ಗದತ್ತ ಮಹಾರಾಜರು, ಮುಂಬಯಿಯಲ್ಲಿ ಬೀಡಿ ಮಾರುತ್ತಿದ್ದ ಸಂಸಾರಿ. ಗುರುಗಳು 1936ರಲ್ಲಿ ತೀರಿಕೊಂಡ ಮೇಲೆ ಮನೆ ಬಿಟ್ಟು ಅಲೆಯಲು ಹೊರಟರು. ದಾರಿಯಲ್ಲಿ ಗುರುಬಂಧುವೊಬ್ಬರು ಆಡಿದ ಮಾತು ಮನಸ್ಸಿಗೆ ನಾಟಿ ಖೇತವಾಡಿಗೆ, ಹೆಂಡತಿ ಮಕ್ಕಳ ಬಳಿಗೆ, ಅದೇ ಬೀಡಿ ವ್ಯಾಪಾರಕ್ಕೆ ಮರಳಿದರು. 1981ರಲ್ಲಿ ದೇಹ ಬಿಡುವ ತನಕ ಆ ಓಣಿಯ ಮನೆಯ ಅಟ್ಟದ ಮೇಲೆ ಕೂತೇ ದೇಶ ವಿದೇಶದವರೊಂದಿಗೆ ಅದ್ವೈತ ಮಾತಾಡಿದರು.

ಹಿಮಾಲಯಕ್ಕೆ ಹೋಗಿದ್ದರೆ ಅವರ ಹೆಸರು ಇನ್ನೂ ದೊಡ್ಡದಾಗುತ್ತಿತ್ತೋ ಏನೋ. ಮರಳಿ ಬಂದದ್ದೇ ನನಗೆ ಬೇಕಾದ ಭಾಗ. ಏಕೆಂದರೆ ನಾನೂ ಲೆಕ್ಕ ಬರೆಯುವವನು. ಡೊಂಬಿವಲಿಯಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ತುರ್ಭೆ, ಅಲ್ಲಿ ಎಪಿಎಂಸಿ ಮಾರುಕಟ್ಟೆಯ ಗಾಳಾ ಒಂದರಲ್ಲಿ ನನ್ನ ಕೆಲಸ.

ಇಂಚಗೇರಿ ಪರಂಪರೆಯಲ್ಲಿ ಎರಡು ದಾರಿಗಳ ಮಾತು ಬರುತ್ತದೆ. ಇರುವೆಯಂತೆ ಮೆಲ್ಲಗೆ ಹತ್ತುವ ಪಿಪೀಲಿಕಾ ಮಾರ್ಗ ಒಂದು, ಹಕ್ಕಿಯಂತೆ ಹಾರಿ ಕೂರುವ ವಿಹಂಗಮ ಮಾರ್ಗ ಇನ್ನೊಂದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸ್ಲೋ ಮತ್ತು ಫಾಸ್ಟ್. ಡೊಂಬಿವಲಿಯಲ್ಲಿ ಬೆಳಿಗ್ಗೆ ಎರಡಕ್ಕೂ ಕಾಲಿಡಲು ಜಾಗವಿಲ್ಲ. ಆದರೂ ಒಳಗೆ ಸೇರಿದರೆ ಒಂದು ಬೇರೆಯೇ ಲೋಕ. ಒಂದು ಮೂಲೆಯಲ್ಲಿ ಭಜನೆ ಮಂಡಳಿಯ ತಾಳ, ಇನ್ನೊಂದು ಮೂಲೆಯಲ್ಲಿ ಇಸ್ಪೀಟು. ಮೂವರ ಸೀಟಿನ ತುದಿಯಲ್ಲಿ ಅರ್ಧ ಸೊಂಟ ಊರಿ ಕೂರುವ ನಾಲ್ಕನೆಯವನು. ನಮ್ಮ ಗುಂಪಿನಲ್ಲಿ ಕೂತವರು ಅರ್ಧ ದಾರಿಯಲ್ಲಿ ಎದ್ದು ನಿಂತವರನ್ನು ಕೂರಿಸುತ್ತಾರೆ. ಯಾರೂ ಉಪದೇಶ ಮಾಡಿ ಕಲಿಸಿದ್ದಲ್ಲ. ಸೀಟು ಯಾರದ್ದೂ ಅಲ್ಲ, ಕಾಲುನೋವು ಮಾತ್ರ ಎಲ್ಲರದ್ದೂ ಎಂಬುದು ಅಲ್ಲಿ ತಾನಾಗಿ ತಿಳಿಯುತ್ತದೆ.

ದಿವಾ ದಾಟಿದ ಮೇಲೆ ಪಾರ್ಸಿಕ್ ಗುಡ್ಡ ಅಡ್ಡ ಬರುತ್ತದೆ. ದೂರದ ಗಾಡಿಗಳು 1916ರಲ್ಲಿ ತೆರೆದ ಸುರಂಗದೊಳಗೆ ನುಗ್ಗುತ್ತವೆ. ಲೋಕಲ್ಲುಗಳು ಮುಂಬ್ರಾದ ತಿರುವಿನಲ್ಲಿ ಸುತ್ತಿಕೊಂಡು ಹೋಗುತ್ತವೆ. 2025ರ ಜೂನ್ 9ರ ಬೆಳಿಗ್ಗೆ ಆ ತಿರುವಿನಲ್ಲಿ ಬಾಗಿಲಿಗೆ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ಕೆಲವರು ಮನೆಗೆ ಮರಳಲಿಲ್ಲ.

ನಮ್ಮ ಇಂಡಿ ಕಡೆಯ ಹುಡುಗನೊಬ್ಬ ದಿನಾ ಬಾಗಿಲಲ್ಲೇ ನಿಂತು ಬರುವವನು. ಸುದ್ದಿ ಕೇಳಿದ ಕೂಡಲೇ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ "ಏನ್ರಿ ಕಾಕಾ, ಇವತ್ತ ರಜಾ ಹಾಕೀನಿ, ಮಲಗಿದ್ದೆ" ಎಂದ. ನನಗೆ ಕೂಡಲೇ ಮಾತು ಹೊರಡಲಿಲ್ಲ. ಅವನು ಬದುಕಿದ್ದಾನೆ ಎಂದು ಎದೆ ಹಗುರಾಯಿತು. ಮರುಕ್ಷಣವೇ, ಹಾಗಾದರೆ ಬಿದ್ದವರು ಯಾರೋ ಬೇರೆಯವರು ಎಂದುಕೊಂಡೆನಲ್ಲ ಎಂಬುದು ಚುಚ್ಚಿತು. ಅವರ ಮನೆಗಳಲ್ಲೂ ಫೋನು ಹೊಡೆದುಕೊಳ್ಳುತ್ತಲೇ ಇದ್ದಿರಬೇಕು.

ಮುಂದೊಂದು ದಿನ ಅದೇ ಹುಡುಗ ಕೇಳಿದ, "ಎಲ್ಲಾ ಮಾಯಾ ಅಂತ ಓದ್ತೀರಿ. ಮತ್ಯಾಕ್ರಿ ಕಾಕಾ ಬಾಗಲಾ ಬಿಟ್ಟು ಒಳಗ ಬಾ ಅಂತ ದಿನಾ ಬೈತೀರಿ?"

"ಬಿದ್ದರ ತಲಿ ಒಡಿಯೂದು ಖರೇ ಅದಪ್ಪಾ. ಮೊದಲ ಒಳಗ ಬಾ, ಆಮ್ಯಾಲ ಮಾಯಾದ ಮಾತು" ಎಂದೆ.

ಶಂಕರರೂ ವ್ಯವಹಾರದ ಸತ್ಯವನ್ನು ತಳ್ಳಿಹಾಕಲಿಲ್ಲ. ಪರಮಾರ್ಥದಲ್ಲಿ ಎರಡಿಲ್ಲ ಎನ್ನುವುದು ಇನ್ನೊಬ್ಬರ ನೋವಿನ ಮೇಲೆ ಹೊದಿಸುವ ಕಂಬಳಿಯಲ್ಲ. ಎರಡಿಲ್ಲ ಎಂದಾದರೆ ಬಾಗಿಲಲ್ಲಿ ನಿಂತವನ ಚೀಲ ನನ್ನ ತೊಡೆಯ ಮೇಲೆ ಬರಬೇಕು. ಅಷ್ಟು ಬಂದರೆ ಅದು ಅದ್ವೈತ, ಬಾರದಿದ್ದರೆ ಬರೀ ಓದು.

ಥಾಣೆಯಲ್ಲಿ ಇಳಿಯುತ್ತೇನೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ 34 ಕಿಲೋಮೀಟರು ಓಡಿ ಬಂದ ಮೊದಲ ಪ್ರಯಾಣಿಕರ ಗಾಡಿ ನಿಂತದ್ದು ಈ ಊರಿನಲ್ಲಿ. ಹೊತ್ತು ಉಳಿದ ದಿನ ಹೊರಗೆ ನಡೆದು ಮಾಸುಂದಾ ಕೆರೆಯ ದಂಡೆಗೆ ಹೋಗುತ್ತೇನೆ, ಕೌಪೀನೇಶ್ವರನಿಗೆ ಕೈಮುಗಿಯುತ್ತೇನೆ. ಕೌಪೀನವೇ ಸಾಕೆಂದ ದೇವರ ಬಾಗಿಲಿಗೇ ತರಕಾರಿ, ಹೂವು, ಬಟ್ಟೆಯ ಪೇಟೆ ಅಂಟಿಕೊಂಡಿದೆ. ಗಂಟೆಯ ಸದ್ದೂ ಚೌಕಾಸಿಯ ಸದ್ದೂ ಒಟ್ಟಿಗೇ ಕೇಳುತ್ತವೆ, ಒಂದಕ್ಕೊಂದು ಅಡ್ಡಿಯಿಲ್ಲ.

ಅಲ್ಲಿಂದ 2004ರಲ್ಲಿ ಶುರುವಾದ ಟ್ರಾನ್ಸ್‌ಹಾರ್ಬರ್ ಗಾಡಿ. ಐರೋಲಿ, ಘನ್ಸೋಲಿಗಳಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿದ ಮಕ್ಕಳು ಇಳಿದುಹೋಗುತ್ತಾರೆ. ತುರ್ಭೆ ಬರುವಷ್ಟರಲ್ಲಿ ಗಾಳಿಗೆ ಈರುಳ್ಳಿ, ಮೆಣಸಿನಕಾಯಿಯ ಘಾಟು ಸೇರುತ್ತದೆ. ಮಾಥಾಡಿಗಳು ಬೆನ್ನಿಗೆ ಮೂಟೆ ಏರಿಸಿ "ಬಾಜೂ, ಬಾಜೂ" ಎಂದು ದಾರಿ ಕೇಳುತ್ತ ಓಡುತ್ತಾರೆ. ನಾನು ಬದಿಗೆ ಸರಿಯುತ್ತೇನೆ.

ಪುಸ್ತಕ ತೆರೆದರೆ ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಹಣ ನನ್ನದಲ್ಲ, ಮಾಲು ನನ್ನದಲ್ಲ. ಹಾಗೆಂದು ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಸಂಜೆ ಏಳುವಂತಿಲ್ಲ. ಮೂಟೆ ಹೊತ್ತವನ ಕೂಲಿ ಆ ಸಾಲಿನಲ್ಲೇ ಇರುತ್ತದೆ. ವಿಜಾಪುರದ ಅಂಗಡಿಯಲ್ಲಿ ಕೂತಿದ್ದ ಸಿದ್ಧರಾಮೇಶ್ವರರಿಗೂ ದಿನದ ಕೊನೆಗೆ ಲೆಕ್ಕ ತಾಳೆಯಾಗಲೇಬೇಕಿತ್ತಲ್ಲವೇ? ನನ್ನದಲ್ಲ ಎಂದು ತಿಳಿದೂ ನನ್ನದೇ ಎಂಬಷ್ಟು ಜತನದಿಂದ ಬರೆಯುವುದು. ಇಷ್ಟು ವರ್ಷಗಳಲ್ಲಿ ಈ ದಾರಿ ನನಗೆ ಕಲಿಸಿದ್ದು ಇಷ್ಟೇ.