ಮುನ್ನೂರು ಮೀಟರ್ ಆಚೆ ನಿಂತ ಒಳಚರಂಡಿ

ನಮ್ಮ ಮನೆಯಿಂದ ಮುನ್ನೂರು ಮೀಟರ್ ದೂರದಲ್ಲಿ ಬೆಂಗಳೂರು ಮುಗಿಯುತ್ತೆ. ಅಲ್ಲಿ ಬೋರ್ಡೇನೂ ಇಲ್ಲ. ಮ್ಯಾನ್‌ಹೋಲ್ ಮುಚ್ಚಳಗಳನ್ನು ಎಣಿಸ್ತಾ ಬನ್ನಿ, ಎಲ್ಲಿ ನಿಲ್ಲುತ್ತೋ ಅಲ್ಲಿಂದ ಈಚೆಗೆ ಗ್ರಾಮ ಪಂಚಾಯಿತಿ. ಆಚೆ ಇರೋದೂ ಹಳ್ಳಿಯೇ, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಅವರೂ ವರ್ಷಗಟ್ಟಲೆ ಕಾದು, ಅಗೆದ ರಸ್ತೆಯ ಧೂಳು ಕುಡಿದು, ಕೊನೆಗೆ ಒಳಚರಂಡಿ ಕಂಡರು. ನಮಗಿರೋದು ಮನೆಗೊಂದು ಗುಂಡಿ.

ಬ್ರೋಕರ್ ಇದನ್ನ ಸೆಪ್ಟಿಕ್ ಟ್ಯಾಂಕ್ ಅಂತಾನೆ. ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ತಳ ಇರುತ್ತೆ, ಗೋಡೆಗೆ ಗಾರೆ ಇರುತ್ತೆ. ನಮ್ಮದು ಇಪ್ಪತ್ತಡಿ ಆಳಕ್ಕೆ ಸಿಮೆಂಟ್ ಉಂಗುರ ಇಳಿಸಿ, ತಳಕ್ಕೆ ಜಲ್ಲಿ ಸುರಿದ ಇಂಗುಗುಂಡಿ. ವರ್ಷಗಟ್ಟಲೆ ತುಂಬದಿದ್ದರೆ 'ಒಳ್ಳೇ ಗುಂಡಿ' ಅಂತ ಹೊಗಳ್ತಾರೆ. ತುಂಬದೆ ಅದೆಲ್ಲ ಎಲ್ಲಿಗೆ ಹೋಯ್ತು ಅಂತ ಮಾತ್ರ ಯಾರೂ ಕೇಳಲ್ಲ. ಬಳಸಿದ ನೀರಿನಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಹೊರಗೆ ಹೋಗುತ್ತೆ ಅನ್ನೋದು ಎಂಜಿನಿಯರುಗಳ ಲೆಕ್ಕ. ಮೂವತ್ತು–ನಲವತ್ತರ ಸೈಟು, ಮುಂದೆ ಬೋರ್‌ವೆಲ್, ಹಿಂದೆ ಗುಂಡಿ, ಮಧ್ಯೆ ನಾವು.

ಮಗಳಿಗೆ ಮೂರು ತಿಂಗಳಿದ್ದಾಗ ಪುಡಿ ಹಾಲು ಶುರು ಮಾಡಬೇಕಾಯ್ತು. ಮಕ್ಕಳ ಡಾಕ್ಟರು ಮೊದಲು ಕೇಳಿದ್ದೇ "ನೀರು ಯಾವುದು?" ಅಂತ. ಬೋರ್ ಅಂದೆ. ಟೆಸ್ಟ್ ಮಾಡಿಸಿ, ಆಮೇಲೆ ಡಬ್ಬಿ ತೆಗೀರಿ ಅಂದ್ರು. ರಿಪೋರ್ಟ್ ಬಂತು. ಬಣ್ಣ ಸರಿ, ವಾಸನೆ ಸರಿ. ನೈಟ್ರೇಟ್ ಮುಂದೆ ಮಾತ್ರ ಕೆಂಪು ಅಕ್ಷರ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ, ನಮ್ಮದು ಅದರ ಹೆಚ್ಚುಕಡಿಮೆ ಎರಡರಷ್ಟು.

ಮಲಮೂತ್ರದಲ್ಲಿರೋ ಸಾರಜನಕ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಆಗುತ್ತೆ. ಅದನ್ನ ಮಣ್ಣು ಹಿಡಿದಿಟ್ಟುಕೊಳ್ಳಲ್ಲ. ನೀರಿನ ಜೊತೆ ಸಲೀಸಾಗಿ ಇಳಿದು, ನಮ್ಮ ಕಡೆಯ ಬಂಡೆಯ ಬಿರುಕುಗಳಲ್ಲಿ ಹರಿದು ಬೋರ್‌ವೆಲ್ ಸೇರುತ್ತೆ. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಗೆ ಇದು ಜಾಸ್ತಿ ಹೋದರೆ ರಕ್ತ ಆಮ್ಲಜನಕ ಒಯ್ಯೋ ಶಕ್ತಿ ಕಳಕೊಂಡು ಮೈ ನೀಲಿಗಟ್ಟಬಹುದು. ಅಮ್ಮ "ಇನ್ನೂ ಚೆನ್ನಾಗಿ ಕುದಿಸೋಣ ಬಿಡು" ಅಂದ್ರು. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತೆ. ಆವತ್ತಿಂದ ಮಗಳಿಗೆ ಕ್ಯಾನ್ ನೀರು. ಆಮೇಲೆ ಆರ್‌ಒ ಹಾಕಿಸಿದ್ವಿ. ಅದು ಬೇರ್ಪಡಿಸಿದ ನೈಟ್ರೇಟ್ ತುಂಬಿದ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತೆ ಹೇಳಿ? ಮತ್ತೆ ಅದೇ ಗುಂಡಿಗೆ!

ಬೀದಿಯವರೆಲ್ಲ ಸೇರಿ ಅರ್ಜಿ ಬರೆದ್ವಿ. ಒಂದು ಕಚೇರಿಯಲ್ಲಿ "ನಮ್ಮ ಹತ್ರ ಅಷ್ಟು ದುಡ್ಡೆಲ್ಲಿದೆ?" ಅಂದ್ರು. ಇನ್ನೊಂದರಲ್ಲಿ "ನೀವು ನಮ್ಮ ಮಿತಿಗೆ ಬರಲ್ಲ" ಅಂದ್ರು. ಊರಿನ ಹಿರಿಯರ ಭಯ ಬೇರೆ: ಪೈಪ್ ಕೇಳಿದ್ರೆ ನಗರಕ್ಕೆ ಸೇರಿಸಿಬಿಡ್ತಾರೆ, ಕಂದಾಯ ಏರುತ್ತೆ. ಅದು ಸುಳ್ಳು ಭಯವೇನಲ್ಲ. ಆದರೆ ಒಳಚರಂಡಿ ಬರೋಕೆ ಊರು ಮೊದಲು ಪಾಲಿಕೆಗೆ ಸೇರಲೇಬೇಕು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಸಂಪರ್ಕ ಶುಲ್ಕ, ತಿಂಗಳ ಬಿಲ್ಲು ತಗೊಂಡು ಕೊಡಲಿ. ಕೊಳಚೆ ಹರಿಯೋದು ಇಳಿಜಾರು ನೋಡಿ, ವಾರ್ಡ್ ನೋಡಿ ಅಲ್ಲ. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಅಂತ ಬೆಂಗಳೂರಿನ ಒಳಚರಂಡಿಯನ್ನು ಯೋಜಿಸಿದ್ದೇ ಕಣಿವೆಗಳ ಲೆಕ್ಕದಲ್ಲಿ. ನಮ್ಮ ಬೀದಿಯ ಮಳೆನೀರು ಹೋಗೋದೂ ಪಕ್ಕದ ವಾರ್ಡಿನ ಕೆರೆಗೇ.

ಇನ್ನೊಂದು ತಮಾಷೆ ನೋಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿದಾಗ ನಮ್ಮ ಹಿಂದಿನ ತೋಟದಿಂದ ಹಗಲೂ ರಾತ್ರಿ ಟ್ಯಾಂಕರ್ ಹೋಗ್ತಿತ್ತು, ಮಿತಿಯ ಆಚೆಗಿನ ಅಪಾರ್ಟ್‌ಮೆಂಟ್‌ಗಳಿಗೆ. ಅದೇ ಅಂತರ್ಜಲ. ಪೈಪಿಗೆ ಇರೋ ಗಡಿ ಟ್ಯಾಂಕರಿಗೆ ಇರಲಿಲ್ಲ.

ಹಾಗಂತ ಬರೀ ಪೈಪ್ ಹೂತರೆ ಸಾಲದು. ಅದರ ಕೊನೆಯಲ್ಲಿ ಶುದ್ಧೀಕರಣ ಘಟಕ ಇರಬೇಕು, ಅದು ಓಡ್ತಿರಬೇಕು. ಇಲ್ಲದಿದ್ರೆ ನೂರು ಗುಂಡಿಯ ಕೊಳಚೆಯನ್ನ ಒಂದು ಕೆರೆಗೆ ಸಾಗಿಸಿದಂತೆ. ನೊರೆ ಎದ್ದು, ಬೆಂಕಿಯೂ ಹತ್ತಿದ ಬೆಳ್ಳಂದೂರು ಕೆರೆಯನ್ನ ನಾವೆಲ್ಲ ನೋಡಿದ್ದೀವಲ್ಲ.

ಮುಂದಿನ ಗ್ರಾಮಸಭೆಗೆ ಅರ್ಜಿ ಮತ್ತೆ ಹೋಗ್ತಿದೆ, ಈ ಸಲ ಇಪ್ಪತ್ತು ಮನೆಗಳ ನೀರಿನ ರಿಪೋರ್ಟ್ ಲಗತ್ತಿಸಿ. ನೀವೂ ಇಂಥ ಅಂಚಿನ ಬಡಾವಣೆಯಲ್ಲಿದ್ರೆ, ಲ್ಯಾಬಿನಲ್ಲಿ ನೈಟ್ರೇಟ್ ಅಂತ ಹೆಸರು ಹೇಳಿಯೇ ಕೇಳಿ. ನಮ್ಮ ಪಕ್ಕದ ಮನೆಯವರು ಮಾಡಿಸಿದ ಅಗ್ಗದ ಪ್ಯಾಕೇಜಿನಲ್ಲಿ ಅದು ಇರಲೇ ಇಲ್ಲ.