ಬೀದರಿನ ಪಂಕ್ತಿ

ಕೂಡಲಸಂಗಮದ ಸೀಮೆಯ ಮರೋಳ ನನ್ನ ಹುಟ್ಟೂರು. ತಂದೆಯವರು ಕ್ಷೌರಿಕರು. ಹಡಪವನ್ನು ಬಗಲಿಗೆ ಹಾಕಿಕೊಂಡು ಮನೆಮನೆಗೆ ತಿರುಗಿ, ಸುಗ್ಗಿಯಲ್ಲಿ ಆಯದ ಕಾಳು ತರುತ್ತಿದ್ದರು. ಊರ ಊಟಗಳಲ್ಲಿ ಕಡೆಯ ಪಂಕ್ತಿ ಅವರದು. ಶಾಲೆಯಲ್ಲಿ ತಂದೆಯ ಉದ್ಯೋಗವೇನೆಂದು ಕೇಳಿದಾಗ ‘ಒಕ್ಕಲುತನ’ ಎಂದು ನಾನು ಸುಳ್ಳಾಡಿದ್ದುಂಟು.

ಮುಂದೆ ನನಗೆ ಬೀದರಿನಲ್ಲಿ ನೌಕರಿ ದೊರೆಯಿತು. ನನ್ನನ್ನು ನೋಡಲು ಬಂದ ತಂದೆಯವರನ್ನು ಒಂದು ದಿನ ನಾನಕ್ ಝೀರಾ ಗುರುದ್ವಾರಕ್ಕೆ ಕರೆದೊಯ್ದೆ. ಉದ್ದಗಡ್ಡದ ಸಿಖ್ಖರನ್ನು ಕಂಡು ಅವರು ನಕ್ಕರು: “ಕೂದಲಕ್ಕ ಕತ್ತರಿ ಹಚ್ಚದವರ ಹತ್ತಿರ ನನಗೇನು ಕೆಲಸ ಐತೋ ತಮ್ಮಾ?”

ಗುರು ನಾನಕರು ಜನಿಸಿದ್ದು 1469ರಲ್ಲಿ, ಇಂದಿನ ಪಾಕಿಸ್ತಾನದಲ್ಲಿರುವ ತಲವಂಡಿಯಲ್ಲಿ. ದಕ್ಷಿಣದ ಸಂಚಾರದಲ್ಲಿ ಅವರು ಬೀದರಿಗೆ ಬಂದಾಗ ಇಲ್ಲಿ ಸಿಹಿನೀರೇ ಇರಲಿಲ್ಲವೆಂದೂ, ಅವರು ಪಾದದಿಂದ ಕಲ್ಲೊಂದನ್ನು ಸರಿಸಲು ಬುಗ್ಗೆ ಚಿಮ್ಮಿತೆಂದೂ ಪ್ರತೀತಿ. ದೇವರು ಒಬ್ಬನೇ, ಅವನು ನಿರಾಕಾರನು. ಅವನ ನಾಮವನ್ನು ನೆನೆಯಬೇಕು, ಸತ್ಯದಿಂದ ದುಡಿಯಬೇಕು, ದುಡಿದುದನ್ನು ಹಂಚಿ ಉಣ್ಣಬೇಕು ಎಂಬುದು ಅವರ ಬೋಧೆ. ಕಾಯಕ, ದಾಸೋಹಗಳ ಮಾತು ಕೇಳಿ ಬೆಳೆದ ನನಗೆ ಇದು ಪರಕೀಯವೆನಿಸಲಿಲ್ಲ. ಹತ್ತು ಗುರುಗಳ ತರುವಾಯ ಸಿಖ್ಖರಿಗೆ ಗ್ರಂಥವೇ ಗುರು. ಗುರು ಅರ್ಜನರು 1604ರಲ್ಲಿ ಸಂಕಲಿಸಿದ ಆ ಗ್ರಂಥದಲ್ಲಿ ನೇಕಾರ ಕಬೀರ, ಚಮ್ಮಾರ ರವಿದಾಸ, ಸೂಫಿ ಸಂತ ಫರೀದರ ವಾಣಿಗೂ ಸ್ಥಾನವುಂಟು.

ಆದರೆ ತಂದೆಯವರ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಹರು ಖಡ್ಗ ಹಿರಿದು, ಧರ್ಮಕ್ಕಾಗಿ ತಲೆ ಕೊಡುವವರು ಯಾರೆಂದು ಕೇಳಿದರು. ಒಬ್ಬರಾದ ಮೇಲೊಬ್ಬರಂತೆ ಐವರು ಎದ್ದು ನಿಂತರು. ಗುರುಗಳು ಅವರಿಗೆ ಅಮೃತವಿತ್ತು, ಬಳಿಕ ಅವರ ಕೈಯಿಂದಲೇ ತಾವೂ ಅಮೃತ ಸ್ವೀಕರಿಸಿದರು. ಖಾಲ್ಸಾ ಹುಟ್ಟಿದ್ದು ಹೀಗೆ. ಆ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರಿನವರು, ಕುಲದಿಂದ ಕ್ಷೌರಿಕರು.

“ನಮ್ಮವರೇ?” ಎಂದು ತಂದೆಯವರು ಎರಡು ಸಲ ಕೇಳಿದರು.

ಲಂಗರಿನಲ್ಲಿ ಊಟಕ್ಕೆ ಜನ ಸಾಲಾಗಿ ನೆಲದ ಮೇಲೆ ಕುಳಿತಿದ್ದರು. ತಂದೆಯವರು ಮಾತ್ರ ರೂಢಿಯಂತೆ ಗೋಡೆಯ ಬದಿಗೆ ಸರಿದು ನಿಂತರು. ಬಡಿಸುತ್ತಿದ್ದ ಮುದುಕರೊಬ್ಬರು ಬಂದು, ಅವರ ತೋಳು ಹಿಡಿದು ಸಾಲಿನ ನಡುವೆ ಕುಳ್ಳಿರಿಸಿದರು. ರೊಟ್ಟಿಗೆ ಎರಡೂ ಕೈಯೊಡ್ಡಿದ ತಂದೆಯವರು ಬಹಳ ಹೊತ್ತು ತುತ್ತು ಮುರಿಯಲಿಲ್ಲ.

ಊಟವಾದ ಮೇಲೆ ಅವರು ಕಾಣಿಸಲಿಲ್ಲ. ಹುಡುಕುತ್ತ ಹೋದೆ. ಧೋತರ ಮೇಲೆ ಕಟ್ಟಿ, ಅಪರಿಚಿತರ ನಡುವೆ ತಟ್ಟೆ ತೊಳೆಯುತ್ತಿದ್ದರು. ನಾನೂ ತೋಳು ಮಡಿಸಿ ಪಕ್ಕಕ್ಕೆ ನಿಂತೆ. ನೆರೆಯವನೊಬ್ಬ ಯಾವ ಊರು, ಏನು ಉದ್ಯೋಗವೆಂದು ನನ್ನನ್ನು ವಿಚಾರಿಸಿದ.

“ಮರೋಳ. ಇವರು ನಮ್ಮ ತಂದೆ. ಕ್ಷೌರದ ಕಾಯಕ” ಎಂದೆ.