ಬಾವಲಿ, ಕೀಬೋರ್ಡ್ ಮತ್ತು ವರ್ಗೀಕರಣದ ಆಧಾರ

ಒಂಬತ್ತನೇ ತರಗತಿಗೆ ವರ್ಗೀಕರಣ ಬೋಧಿಸುವಾಗ ಬಾವಲಿಯ ಉದಾಹರಣೆ ಕೊಡದ ಪ್ರಶಿಕ್ಷಣಾರ್ಥಿ ಇರಲಿಕ್ಕಿಲ್ಲ. ಬಾವಲಿ ಹಾರುತ್ತದೆ, ಆದರೆ ಹಕ್ಕಿಯಲ್ಲ. ಮೈಮೇಲೆ ಕೂದಲಿದೆ, ಮರಿಗೆ ಹಾಲೂಡಿಸುತ್ತದೆ, ಆದ್ದರಿಂದ ಸಸ್ತನಿ. ಮಾಡುವ ಕೆಲಸವನ್ನಲ್ಲ, ದೇಹರಚನೆಯನ್ನು ನೋಡಿ ಎಂದು ಹೇಳಿ, 1969ರಲ್ಲಿ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ಕಡೆಗೆ ಹೋಗುತ್ತೇವೆ. ಈ ಬಾರಿಯ ಅಭ್ಯಾಸ ಬೋಧನೆಯಲ್ಲಿ ನಾನೂ ಹಾಗೆಯೇ ಹೇಳಿದೆ. ಪಾಠ ಮುಗಿದ ಮೇಲೆ ಒಬ್ಬ ಹುಡುಗ, "ಹಾಗಾದರೆ ಕೆಲಸ ನೋಡಿ ಗುಂಪು ಮಾಡೋದು ತಪ್ಪಾ ಮಿಸ್?" ಎಂದು ಕೇಳಿದ.

ತಪ್ಪಲ್ಲ; ಏಕೆ ಗುಂಪು ಮಾಡುತ್ತಿದ್ದೇವೆ ಎಂಬುದರ ಮೇಲೆ ಆಧಾರ ನಿರ್ಧಾರವಾಗುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿಸಬೇಕೆನಿಸಿತು. ಶಾಲೆಯ ಪ್ರಯೋಗಾಲಯದಲ್ಲಿ ಉಬುಂಟು ಹಾಕಿದ ಎಂಟು ಕಂಪ್ಯೂಟರ್‌ಗಳಿದ್ದವು. ಉಬುಂಟುವಿನ ಒಳಗಿರುವುದು ಲಿನಕ್ಸ್ ಕರ್ನಲ್. ಬಿಎಸ್ಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ್ದ ನನಗೆ ಅದು ಯಂತ್ರಭಾಗಗಳನ್ನು ಕೆಲಸದ ಆಧಾರದ ಮೇಲೆಯೇ ವರ್ಗೀಕರಿಸುತ್ತದೆ ಎಂಬುದು ನೆನಪಿತ್ತು. ಮರುವಾರದ ಒಂದು ಅವಧಿಗೆ ಅದನ್ನೇ ಪಾಠ ಯೋಜನೆಯಾಗಿ ಬರೆದೆ.

ಕರ್ನಲ್ ಎಂದರೆ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಕಾರ್ಯಕ್ರಮ. ಕೀಬೋರ್ಡ್‌ಗಳನ್ನು ಹತ್ತಾರು ಕಂಪನಿಗಳು ತಯಾರಿಸುತ್ತವೆ. ಕೆಲವು ಹಳೆಯ ದುಂಡು ಪಿನ್ನಿನವು, ಕೆಲವು ಯುಎಸ್‌ಬಿಯವು, ಕೆಲವಕ್ಕೆ ತಂತಿಯೇ ಇಲ್ಲ. ಅಕ್ಷರ ಟೈಪಿಸುವ ತಂತ್ರಾಂಶ ಇವೆಲ್ಲವನ್ನೂ ಬೇರೆಬೇರೆಯಾಗಿ ಅರಿತಿರಲು ಸಾಧ್ಯವಿಲ್ಲ. ಆದ್ದರಿಂದ ಕರ್ನಲ್ ಅವನ್ನೆಲ್ಲ 'ಇನ್‌ಪುಟ್' ಎಂಬ ಒಂದೇ ವರ್ಗಕ್ಕೆ ಸೇರಿಸಿ, ಒಂದೇ ರೀತಿಯಲ್ಲಿ ತೋರಿಸುತ್ತದೆ. ಯುಎಸ್‌ಬಿ ಸಾಧನ ತಾನು ಯಾವ ಬಗೆಯದೆಂದು ಒಂದು ಸಂಖ್ಯೆಯಲ್ಲಿ ತಿಳಿಸುತ್ತದೆ: ಕೀಬೋರ್ಡ್, ಮೌಸ್‌ಗೆ 3, ಪ್ರಿಂಟರ್‌ಗೆ 7, ಪೆನ್‌ಡ್ರೈವ್‌ಗೆ 8. ಅದಕ್ಕೆ ತಕ್ಕ ಡ್ರೈವರ್ ಬಂದು ಸಾಧನವನ್ನು ವರ್ಗದಲ್ಲಿ ನೋಂದಾಯಿಸುತ್ತದೆ.

2003ರ ಡಿಸೆಂಬರ್‌ನಲ್ಲಿ ಬಂದ 2.6ನೇ ಆವೃತ್ತಿಯಿಂದ ಈ ವ್ಯವಸ್ಥೆಯನ್ನು 'ಸಿಸ್' ಎಂಬ ಫೋಲ್ಡರ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅದರೊಳಗೆ ಮುಖ್ಯವಾಗಿ ಎರಡು ನೋಟಗಳಿವೆ. 'ಡಿವೈಸಸ್' ಎಂಬಲ್ಲಿ ಯಾವ ಸಾಧನ ಯಾವುದಕ್ಕೆ ಜೋಡಣೆಯಾಗಿದೆ ಎಂಬ ವಂಶವೃಕ್ಷವಿದೆ. 'ಕ್ಲಾಸ್' ಎಂಬಲ್ಲಿ ಅದೇ ಸಾಧನಗಳು ಕೆಲಸಕ್ಕೆ ತಕ್ಕಂತೆ ವಿಂಗಡವಾಗಿವೆ: ನೆಟ್, ಸೌಂಡ್, ಬ್ಲಾಕ್, ಇನ್‌ಪುಟ್, ಲೆಡ್ಸ್, ಪವರ್ ಸಪ್ಲೈ ಇತ್ಯಾದಿ. ಆದರೆ ಕ್ಲಾಸ್ ಫೋಲ್ಡರ್‌ನಲ್ಲಿ ಸಾಧನದ ದಾಖಲೆ ಇರುವುದಿಲ್ಲ, ಅಲ್ಲಿಗೆ ಹೋಗುವ ಕೊಂಡಿ ಮಾತ್ರ ಇರುತ್ತದೆ. ದಾಖಲೆ ಒಂದೇ ಕಡೆ, ಕೊಂಡಿಗಳು ಎಷ್ಟು ಬೇಕಾದರೂ.

ಮಕ್ಕಳಿಗೆ ಮೂರು ಚಟುವಟಿಕೆ ಕೊಟ್ಟೆ. ಮೊದಲನೆಯದು, ಮೌಸನ್ನು ಮುಂದಿನ ಕಿಂಡಿಯಿಂದ ಕಿತ್ತು ಹಿಂದಿನ ಕಿಂಡಿಗೆ ಹಾಕುವುದು. ಕೊಂಡಿ ತೋರಿಸುವ ದಾರಿ ಬದಲಾಯಿತು, ಹೆಸರಿನ ಸಂಖ್ಯೆಯೂ ಬದಲಾಯಿತು. ಇನ್‌ಪುಟ್ ವರ್ಗ ಮಾತ್ರ ಬದಲಾಗಲಿಲ್ಲ. ಎರಡನೆಯದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಪವರ್ ಸಪ್ಲೈ ವರ್ಗ ತೆರೆಯುವುದು. ಬ್ಯಾಟರಿ, ಚಾರ್ಜರ್ ಎರಡೂ ಅಲ್ಲಿದ್ದವು. ಬ್ಯಾಟರಿಯ 'ಕೆಪ್ಯಾಸಿಟಿ' ಫೈಲಿನಲ್ಲಿದ್ದ ಸಂಖ್ಯೆಯೂ ಪರದೆಯ ಮೂಲೆಯಲ್ಲಿದ್ದ ಶೇಕಡಾವಾರೂ ಒಂದೇ ಎಂದು ಅವರೇ ತಾಳೆ ನೋಡಿದರು.

ಮೂರನೆಯದು ಎಲ್ಲರಿಗೂ ಹಿಡಿಸಿತು. ಲೆಡ್ಸ್ ವರ್ಗದಲ್ಲಿ ಕೀಬೋರ್ಡಿನ ಕ್ಯಾಪ್ಸ್ ಲಾಕ್ ದೀಪದ ಹೆಸರಿದೆ. ಅದರ 'ಬ್ರೈಟ್‌ನೆಸ್' ಫೈಲ್ ಓದಿದರೆ 0. ಕ್ಯಾಪ್ಸ್ ಲಾಕ್ ಒತ್ತಿ ಮತ್ತೆ ಓದಿದರೆ 1. ಅಂದರೆ ಕೀಬೋರ್ಡ್ ಇನ್‌ಪುಟ್ ವರ್ಗದಲ್ಲಿದೆ, ಅದರ ದೀಪ ಲೆಡ್ಸ್ ವರ್ಗದಲ್ಲಿದೆ, ವಸ್ತು ಒಂದೇ. "ಒಂದೇ ವಸ್ತು ಎರಡು ವರ್ಗದಲ್ಲಿರಬಹುದೇ?" ಎಂಬ ಪ್ರಶ್ನೆಯನ್ನು ಪಾಠ ಯೋಜನೆಯಲ್ಲಿ ಮೌಲ್ಯಮಾಪನಕ್ಕೆಂದು ಇಟ್ಟಿದ್ದೆ. ನಾನು ಕೇಳುವ ಮೊದಲೇ ಮೂರು ಕಂಪ್ಯೂಟರ್‌ಗಳ ಮುಂದೆ ಅದರ ಚರ್ಚೆ ಶುರುವಾಗಿತ್ತು.

ಆ ದಿನದ ಅತ್ಯುತ್ತಮ ಪ್ರಶ್ನೆ ಬಂದದ್ದು ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗಿಯಿಂದ. ನೆಟ್ ವರ್ಗದಲ್ಲಿ 'ಎಲ್‌ಒ' ಎಂಬ ಹೆಸರು ನೋಡಿ, "ಇದು ಯಾವ ಭಾಗ ಮಿಸ್? ಪೆಟ್ಟಿಗೆ ಬಿಚ್ಚಿದರೆ ಕಾಣುತ್ತಾ?" ಎಂದಳು. ಕಾಣುವುದಿಲ್ಲ. ಕಂಪ್ಯೂಟರ್ ತನ್ನೊಂದಿಗೆ ತಾನೇ ಮಾತನಾಡಲು ಬಳಸುವ ಲೂಪ್‌ಬ್ಯಾಕ್ ಅದು, ವಿಳಾಸ 127.0.0.1. ಕೊಂಡಿ ಎಲ್ಲಿಗೆ ಹೋಗುತ್ತದೆ ನೋಡು ಎಂದೆ. ದಾರಿಯನ್ನು ಬೆರಳಿಟ್ಟು ಓದುತ್ತಾ ಹೋಗಿ 'ವರ್ಚುವಲ್' ಎಂಬ ಪದದ ಹತ್ತಿರ ನಿಂತಳು. "ಭಾಗವೇ ಇಲ್ಲ, ಕೆಲಸ ಮಾತ್ರ ಇದೆ" ಎಂದು ಪಕ್ಕದವಳಿಗೆ ವಿವರಿಸಿದಳು. ಕೆಲಸದ ಆಧಾರದ ವರ್ಗೀಕರಣಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೊಡಲಾರೆ.

ಆ ತರಗತಿಯಲ್ಲಿ ಮಕ್ಕಳನ್ನು ಗಣಿತದ ಕಿರುಪರೀಕ್ಷೆಯ ಅಂಕಗಳ ಪ್ರಕಾರ ಎ, ಬಿ, ಸಿ ಎಂದು ಮೂರು ಸಾಲುಗಳಲ್ಲಿ ಕೂರಿಸಲಾಗಿತ್ತು. ಈ ಹುಡುಗಿ ಸಿ ಸಾಲಿನವಳು. ಕನ್ನಡ, ವಿಜ್ಞಾನ, ಸಮಾಜ ಯಾವ ಅವಧಿಯೇ ಇರಲಿ, ಜಾಗ ಅದೇ. ಇಂಟರ್ನ್‌ಶಿಪ್ಪಿನ ಭಾಗವಾಗಿ ನಾನು ತುಂಬಬೇಕಿದ್ದ ವಿದ್ಯಾರ್ಥಿ ವಿವರ ನಮೂನೆಯಲ್ಲೂ 'ಗುಂಪು' ಎಂದು ಒಂದೇ ಅಂಕಣವಿತ್ತು.

ನನ್ನ ಸಂಕಟವನ್ನು ಮಾರ್ಗದರ್ಶಿ ಶಿಕ್ಷಕರ ಮುಂದಿಟ್ಟೆ. ಅವರು, "ಪಟ್ಟಿಯೇ ಇಲ್ಲದಿದ್ದರೆ ಈ ಮಕ್ಕಳಿಗೆ ಹೆಚ್ಚಿನ ಸಮಯ ಕೊಡೋರು ಯಾರಮ್ಮ?" ಎಂದರು. ಅವರು ದಿನವೂ ಸಂಜೆ ಅರ್ಧ ಗಂಟೆ ಕುಳಿತು ಆ ಸಾಲಿಗೆ ಪರಿಹಾರ ಬೋಧನೆ ಮಾಡುತ್ತಿದ್ದುದನ್ನು ನಾನು ಕಂಡಿದ್ದೆ. ಅವರ ಮಾತಿಗೆ ತೂಕವಿತ್ತು. ಬೀಜಗಣಿತದಲ್ಲಿ ಆ ಹುಡುಗಿಗೆ ಸಹಾಯ ಬೇಕು ಎಂಬುದೂ ನಿಜ. ಪಟ್ಟಿ ಇರಲಿ ಸರ್, ಅದು ಗಣಿತಕ್ಕಷ್ಟೇ ಇರಲಿ, ನನ್ನ ಅವಧಿಗಳಲ್ಲಿ ಜಾಗ ಬದಲಿಸಿ ಕೂರಿಸುತ್ತೇನೆ ಎಂದು ಕೇಳಿಕೊಂಡೆ. ಒಪ್ಪಿದರು. ನಮೂನೆಯ ಒಂದು ಅಂಕಣವನ್ನು ಗೆರೆ ಎಳೆದು ವಿಷಯವಾರು ಭಾಗ ಮಾಡಿದೆ. ಅವಳ ಹೆಸರಿನ ಮುಂದೆ ಗಣಿತದಲ್ಲಿ 'ಪರಿಹಾರ ಬೋಧನೆ', ವಿಜ್ಞಾನದಲ್ಲಿ 'ಪ್ರಶ್ನೆ ಕೇಳುವವರು, ಗುಂಪಿಗೆ ವಿವರಿಸಬಲ್ಲವರು' ಎಂದು ಬರೆದೆ.

ಈ ಹೋಲಿಕೆಗೆ ಮಿತಿಯಿದೆ. ಯಾವ ವರ್ಗಕ್ಕೆ ಸೇರಿಸಿದರೂ ಕೀಬೋರ್ಡ್ ತನ್ನ ಕೆಲಸವನ್ನು ಮೊದಲಿನಂತೆಯೇ ಮಾಡುತ್ತದೆ. ಮಗು ಹಾಗಲ್ಲ; ತನ್ನನ್ನು ಎಲ್ಲಿ ಸೇರಿಸಿದ್ದಾರೆಂದು ಅದಕ್ಕೆ ಕೇಳಿಸುತ್ತದೆ, ಕ್ರಮೇಣ ಹಾಗೆಯೇ ಆಗಲೂಬಹುದು. ಆದ್ದರಿಂದ ಆಧಾರ ಯಾವುದು, ಉದ್ದೇಶ ಯಾವುದು ಎಂದು ಬಾವಲಿಯ ವಿಷಯದಲ್ಲಿ ಕೇಳುವ ಎರಡು ಪ್ರಶ್ನೆಗಳನ್ನು ಹಾಜರಿ ಪುಸ್ತಕ ಹಿಡಿದಾಗಲೂ ಕೇಳಬೇಕು.

ಮುಂದಿನ ತಂಡದವರಿಗೆ ಒಂದು ಮಾತು: ಈ ಪಾಠಕ್ಕೆ ನಲವತ್ತು ನಿಮಿಷ ಸಾಕು, ಅಂತರಜಾಲ ಬೇಕಿಲ್ಲ. ಫೈಲುಗಳನ್ನು ಓದಿಸಿ, ತಿದ್ದಿಸಬೇಡಿ. ಕ್ಯಾಪ್ಸ್ ಲಾಕ್ ಚಟುವಟಿಕೆಯನ್ನು ಕೊನೆಗಿಡಿ. ಮೊದಲೇ ಮಾಡಿಸಿದರೆ ಮಕ್ಕಳು ಉಳಿದದ್ದಕ್ಕೆ ಬರುವುದಿಲ್ಲ.